ದುರುಗಪ್ಪ ತಂದ ಗಡಿಯಾರ

ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಏಜೆಂಟನಾಗಿದ್ದ ಬೆನಕಪ್ಪನಿಗೆ ಮನುಷ್ಯರ ಮುಖಕ್ಕಿಂತ ಮೊದಲು ಅವರ ಮಣಿಕಟ್ಟಿನ ಗಡಿಯಾರ ಕಾಣುತ್ತಿತ್ತು. ಶಿವಮೊಗ್ಗದ ಬಸ್ಸು ಇನ್ನೂ ನಿಲ್ಲುವ ಮೊದಲೇ, ಕಿಟಕಿಯ ಹೊರಗೆ ಚಾಚಿದ ಯಾರದೋ ಕೈ ನೋಡಿ, "ವೆಸ್ಟ್ ಎಂಡ್. ಸ್ವಾತಂತ್ರ್ಯಕ್ಕೂ ಮುಂಚಿಂದು" ಎಂದು ಪಕ್ಕದ ಹಮಾಲರಿಗೆ ಹೇಳುವನು. ಇಳಿದವರನ್ನು ಮಾತಿಗೆಳೆದು ಕೇಳಿದರೆ ಹೆಚ್ಚಿನ ಸಲ ಅವನ ಮಾತೇ ಸರಿಯಾಗಿರುತ್ತಿತ್ತು. ಅವನ ಸ್ವಂತ ಕೈಯಲ್ಲಿದ್ದದ್ದು ಸಾದಾ ಎಚ್‌ಎಂಟಿ. ಅದರ ಬಗ್ಗೆ ಅವನಿಗೆ ನಾಚಿಕೆಯೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಒಳ್ಳೆಯ ಗಡಿಯಾರ ತನ್ನದಾಗಬೇಕೆಂಬ ಆಸೆ ಅವನಿಗೆ ಯಾವತ್ತೂ ಹುಟ್ಟಲಿಲ್ಲ. ನೋಡಬೇಕು, ಅಂಗೈಯಲ್ಲಿಟ್ಟು ತೂಗಬೇಕು, ಕಿವಿಗೆ ಹಿಡಿದು ಕೇಳಬೇಕು, ಅಷ್ಟೇ.

"ಕಂಡೋರ ಮನೆ ಹೆಣ್ಮಕ್ಕಳ ಕೈ ಹಂಗೆ ನೋಡ್ಬ್ಯಾಡ್ರಿ, ಒಂದಿನ ಒದೆ ತಿಂತೀರಿ" ಎಂದು ಹೆಂಡತಿ ಶಾಂತಾದೇವಿ ಬೈಯುತ್ತಿದ್ದಳು.

ಒದೆ ತಿನ್ನಲಿಲ್ಲ. ಆದರೆ ಅವನ ಬಾಳನ್ನೆಲ್ಲ ಕಲಕಿದ ಗಡಿಯಾರ ಹೆಂಗಸೊಬ್ಬಳ ಕೈಯಲ್ಲೇ ಇತ್ತು.

ಎಪ್ಪತ್ತೆರಡರ ಬೇಸಿಗೆ. ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಮುದುಕನೊಬ್ಬ ಬಿಸಿಲಿಗೆ ತಲೆ ಸುತ್ತಿ ಬಿದ್ದ. ಗುಂಪಿನೊಳಗಿಂದ ಬಿಳಿ ಸೀರೆಯ ಹೆಂಗಸೊಬ್ಬಳು ನುಗ್ಗಿ ಬಂದು, ಮುದುಕನ ನಾಡಿ ಹಿಡಿದು, ತನ್ನ ಎಡಗೈಯ ಗಡಿಯಾರದ ಕಡೆ ನೋಡತೊಡಗಿದಳು. ಎಲ್ಲರೂ ಮುದುಕನನ್ನು ನೋಡುತ್ತಿದ್ದರೆ ಬೆನಕಪ್ಪ ಆ ಗಡಿಯಾರವನ್ನು ನೋಡಿದ. ಗಂಡಸರ ಗಡಿಯಾರ. ಉಕ್ಕಿನ ಮೈ, ಕೆನೆ ಬಣ್ಣದ ಮುಖ, ನಡುವಿನಿಂದ ಹೊರಟು ತಡವರಿಸದೆ ಸುತ್ತುವ ತೆಳ್ಳನೆಯ ಸೆಕೆಂಡಿನ ಮುಳ್ಳು. ಹನ್ನೆರಡರ ಕೆಳಗೆ ಕುದುರೆ ಲಾಳದಂಥ ಗುರುತು. ಒಮೆಗಾ.

ಮುದುಕ ಎದ್ದು ಕೂತು ನೀರು ಕುಡಿದ ಮೇಲೆ ಬೆನಕಪ್ಪ ಹತ್ತಿರ ಹೋಗಿ ಕೈಮುಗಿದು, "ಅಕ್ಕಾರೇ, ತಪ್ಪು ತಿಳ್ಕಬ್ಯಾಡ್ರಿ. ಆ ಗಡಿಯಾರ ಒಂದ್ಸಲ ನೋಡಾಕೆ ಕೊಡ್ತೀರಾ?" ಎಂದ. ಅವಳು ಅವನ ಮುಖವನ್ನು ಅಳೆದು ನೋಡಿ, ಬಿಚ್ಚದೆ, ಕೈಯನ್ನಷ್ಟೇ ಮುಂದೆ ಚಾಚಿದಳು.

ಅವಳ ಹೆಸರು ನಿರ್ಮಲಮ್ಮ. ನ್ಯಾಮತಿ ಆಸ್ಪತ್ರೆಯಲ್ಲಿ ನರ್ಸು. ಊರು ಜಗಳೂರು ತಾಲ್ಲೂಕಿನ ಬಿಳಿಚೋಡು. ಅವಳ ಅಣ್ಣ ದುರುಗಪ್ಪ ಮಿಲಿಟರಿ ಸೇರಿದವನು. ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಗಾಜಾದ ಮರಳುಗಾಡಿನಲ್ಲಿ ಕಾವಲು ಕಾದು ವಾಪಸು ಬಂದಾಗ, ಕೈರೋ ಪಟ್ಟಣದಲ್ಲಿ ಕೊಂಡದ್ದೆಂದು ಈ ಗಡಿಯಾರವನ್ನು ತಂಗಿಯ ಕೈಗೆ ಕಟ್ಟಿದ್ದ. ಅವಳು ಆಗಷ್ಟೇ ನರ್ಸಿಂಗ್ ಓದಲು ಹೊರಟಿದ್ದಳು. "ನಿಂಗೆ ಅಂತಾನೇ ತಗಂಡಿದ್ದು, ನಾನು ಒಂದಿನಾನೂ ಕಟ್ಟಿಲ್ಲ. ನಾಡಿ ನೋಡಾಕೆ ಸೆಕೆಂಡ್ ಮುಳ್ಳು ಬೇಕಲ್ಲ" ಎಂದಿದ್ದನಂತೆ. ಅರವತ್ತೈದರ ಯುದ್ಧದಲ್ಲಿ ಅವನು ತೀರಿಕೊಂಡ. ಮನೆಗೆ ಬಂದದ್ದು ಸರ್ಕಾರದ ತಂತಿ, ಆಮೇಲೊಂದು ತಗಡಿನ ಪೆಟ್ಟಿಗೆ.

"ರಿಪೇರಿಗೂ ಯಾರ ಕೈಗೂ ಕೊಟ್ಟಿಲ್ಲ ನಾನು. ಒಳಗಿನ ಅಸಲಿ ಸಾಮಾನು ತೆಗೆದು ಬ್ಯಾರೆ ಹಾಕಿಬಿಡ್ತಾರಂತೆ" ಎಂದಳು.

ಬೆನಕಪ್ಪ ನಿಜ ಹೇಳಿದ: "ನಿಮ್ಮಣ್ಣ ಕಣ್ಣಿದ್ದೋರು ಬಿಡ್ರಿ. ಈ ಸೀಮೆಯಾಗೆ ಇಂಥದು ಇನ್ನೊಂದಿಲ್ಲ."

ಆ ಮಾತಿನ ಬಲದಿಂದಲೇ ನಿರ್ಮಲಮ್ಮ ಭಾನುವಾರದ ಕೂಟಕ್ಕೆ ಬರತೊಡಗಿದಳು. ಬಸ್ ನಿಲ್ದಾಣದ ಹಿಂದೆ ಸಾವಂತ್ರಮ್ಮನ ಖಾನಾವಳಿ. ಊಟದ ಗದ್ದಲ ಇಳಿದ ಮೇಲೆ ಅದರ ಹಿಂದಿನ ಕೋಣೆಯಲ್ಲಿ ಮೂರು ಜನ ಸೇರುತ್ತಿದ್ದರು. ಒಬ್ಬ ಬೆನಕಪ್ಪ. ಇನ್ನೊಬ್ಬ ಚನ್ನಗಿರಿಯ ಅಡಿಕೆ ವ್ಯಾಪಾರಿ ಬಸವರಾಜಪ್ಪ. ಮತ್ತೊಬ್ಬ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ತಿಪ್ಪೇರುದ್ರಸ್ವಾಮಿ. ಮಂಡಕ್ಕಿ ಮೆಣಸಿನಕಾಯಿ ನಡುವೆ ಇಟ್ಟುಕೊಂಡು ಗಡಿಯಾರದ ಮಾತು. ಬಸವರಾಜಪ್ಪನ ಕೈಯಲ್ಲಿ ಬಂಗಾರದ ಬಣ್ಣದ ರೋಲೆಕ್ಸ್ ಇತ್ತು. ಅದು ಬೊಂಬಾಯಿಯ ಫುಟ್‌ಪಾತಿನ ನಕಲಿಯೆಂದು ಎಲ್ಲರಿಗಿಂತ ಮೊದಲು ಅವನೇ ಹೇಳುತ್ತಿದ್ದ.

"ನಕಲಿ ಹೌದು. ಆದ್ರೆ ನಮ್ಮೂರ ಮಂಡಿಯಾಗೆ ಎಷ್ಟು ಜನಕ್ಕೆ ಗೊತ್ತೈತೆ ಹೇಳ್ರಿ?" ಎಂದು ನಗುವನು.

"ಕಿರೀಟದ ಗುರುತು ನೋಡ್ರಿ" ಎಂದು ಮೇಷ್ಟ್ರು ಶುರು ಮಾಡುವರು. "ಅಸಲಿಯಾಗೆ ಅದು ಅರಳಿದ ಕೈಬೆರಳಿನಂಗೆ ಇರ್ತೈತೆ. ನಿಮ್ದು ಕೋಳಿ ಕಾಲು. ಅಕ್ಷರ ಬರೆಯೋ ಕೈ ಒಂದ್ಕಡೆ ಇಲ್ಲಾ ಒಂದ್ಕಡೆ ಸಿಗಾಕ್ಕಂತೈತೆ ಬಸವರಾಜಪ್ಪನೋರೇ. ಗೆರೆಯ ಕೊನೇಲಿ ಕುಂಚ ಎತ್ತೋ ಜಾಗದಾಗೆ ನೋಡಬೇಕು."

ಆಮೇಲೆ ವಾದ. ರೋಮರ್ ಹೆಚ್ಚೋ ಟಿಸಾಟ್ ಹೆಚ್ಚೋ. ಹಳೆಯ ಮುಖಕ್ಕೆ ಹೊಸ ಬಣ್ಣ ಹೊಡೆಸಿದರೆ ಗಡಿಯಾರ ಅಸಲಿಯೋ ಅಲ್ಲವೋ. ಬೆನ್ನು ಮುಚ್ಚುವ ಬಿಲ್ಲೆಯ ಮೇಲಿನ ಚಿತ್ರ ಸವೆದಿರಬೇಕೋ ಬೇಡವೋ. ನಿರ್ಮಲಮ್ಮ ಹೆಚ್ಚು ಮಾತಾಡುತ್ತಿರಲಿಲ್ಲ. ಅವಳ ಗಡಿಯಾರದ ಬೆನ್ನಿನ ಮೇಲೆ ಕುದುರೆಯ ಮುಖ, ಮೀನಿನ ಬಾಲ ಇರುವ ಒಂದು ಪ್ರಾಣಿಯ ಚಿತ್ರವಿತ್ತು. ಅದನ್ನು ತೋರಿಸುವಾಗ ಮಾತ್ರ ಅವಳ ಮುಖ ಬೆಳಗುತ್ತಿತ್ತು. ಮೇಷ್ಟ್ರ ಹತ್ತಿರ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಇತ್ತು. ಎಲ್ಲರ ಗಡಿಯಾರಗಳೂ ಅದರ ಕೆಳಗೆ ಬಂದು ಹೋಗಿದ್ದವು, ನಿರ್ಮಲಮ್ಮನದೊಂದನ್ನು ಬಿಟ್ಟು. ಅದನ್ನು ಹಾಗೆ ಪರೀಕ್ಷೆಗೆ ಒಡ್ಡುವುದು ಸತ್ತವನಿಗೆ ಮಾಡುವ ಅವಮಾನವೆಂದು ಯಾರೂ ಹೇಳದಿದ್ದರೂ ಎಲ್ಲರಿಗೂ ಅನ್ನಿಸಿತ್ತು.

ಎಪ್ಪತ್ತಾರನೇ ಇಸವಿ. ತುರ್ತು ಪರಿಸ್ಥಿತಿ. ಕಳ್ಳಮಾಲು ಹಿಡಿಯುವ ಭರಾಟೆ ಊರೂರಿಗೂ ಹಬ್ಬಿತ್ತು. ಯಾರನ್ನೋ ಜೀಪಿನಲ್ಲಿ ಕೂರಿಸಿಕೊಂಡು ಹೋದರಂತೆ, ಯಾರದೋ ಮನೆಯ ಟ್ರಾನ್ಸಿಸ್ಟರ್ ಎತ್ತಿಕೊಂಡು ಹೋದರಂತೆ ಎಂಬ ಸುದ್ದಿ ಬಸ್ಸಿನ ಜೊತೆ ಬಂದು ಬಸ್ಸಿನ ಜೊತೆ ಮುಂದೆ ಹೋಗುತ್ತಿತ್ತು. ಖಾನಾವಳಿಯ ಹಿಂದಿನ ಕೋಣೆಯಿಂದ ಕೇಳುವ "ಸ್ವಿಸ್", "ಬೊಂಬಾಯಿ", "ಅಸಲಿ ಮಾಲು" ಎಂಬ ಮಾತುಗಳು ಯಾರ ಕಿವಿಗೆ ಬಿದ್ದವೋ, ಅಲ್ಲಿ ಪರದೇಶದ ಗಡಿಯಾರಗಳ ವ್ಯಾಪಾರ ನಡೆಯುತ್ತದೆಂದು ಯಾರು ಚಾಡಿ ಹೇಳಿದರೋ ಕೊನೆಗೂ ತಿಳಿಯಲಿಲ್ಲ.

ಆ ಭಾನುವಾರ ಮೇಷ್ಟ್ರು ಟಿಸಾಟಿನ ಮುಳ್ಳಿನ ಆಕಾರ ಬಿಡಿಸಿ ತೋರಿಸುತ್ತಿದ್ದರು. ಹೊರಗೆ ಜೀಪು ನಿಂತ ಸದ್ದಾಯಿತು. ಸಾವಂತ್ರಮ್ಮ "ಯಾರ್ರಿ? ಊಟ ಮುಗೀತು" ಎನ್ನುವಷ್ಟರಲ್ಲಿ ಬಾಗಿಲಲ್ಲಿ ಇಬ್ಬರು ಪೊಲೀಸರು, ಅವರ ಹಿಂದೆ ಬಿಳಿ ಅಂಗಿಯ, ಕನ್ನಡಕದ ಅಧಿಕಾರಿ.

"ಯಾರೂ ಏಳಬೇಡಿ. ಕೈ ಮೇಜಿನ ಮೇಲೆ ಇಡಿ, ಎಲ್ಲರೂ."

ಎಂಟು ಕೈಗಳು ಮಂಡಕ್ಕಿಯ ನಡುವೆ ಸಾಲಾಗಿ ಬಿದ್ದವು. ಬಸವರಾಜಪ್ಪನ ಬಂಗಾರದ ಬಣ್ಣ ಹೊಳೆಯುತ್ತಿತ್ತು. ಅಧಿಕಾರಿ ಮೊದಲು ಅದನ್ನೇ ಬಿಚ್ಚಿಸಿ, ಬೆಳಕಿಗೆ ಹಿಡಿದು ನೋಡಿ ನಕ್ಕುಬಿಟ್ಟ. "ಇದಕ್ಕೆ ಕೇಸು ಹಾಕಿದರೆ ನನಗೇ ನಗ್ತಾರೆ" ಎಂದು ಮೇಜಿನ ಮೇಲೆ ಎಸೆದ. ಮೇಷ್ಟ್ರದು ಇಂಡಿಯಾದ್ದು, ಬೆನಕಪ್ಪನದೂ ಇಂಡಿಯಾದ್ದು. ಆಮೇಲೆ ಅಧಿಕಾರಿಯ ಕಣ್ಣು ನಿರ್ಮಲಮ್ಮನ ಕೈಯ ಮೇಲೆ ನಿಂತಿತು. ನಗು ಹೋಯಿತು.

"ಬಿಚ್ಚಮ್ಮ."

ಅವಳು ಬಿಚ್ಚಿಕೊಟ್ಟಳು.

"ಎಲ್ಲಿ ಕೆಲಸ?"

"ನ್ಯಾಮತಿ ಆಸ್ಪತ್ರೆ. ನರ್ಸು."

"ಸರ್ಕಾರಿ ನೌಕರಿ. ಹಾಗಾದರೆ ತಿಳ್ಕೊ. ಪರದೇಶದ ಗಡಿಯಾರ ಕಳ್ಳಮಾಲಲ್ಲ ಅಂತ ತೋರಿಸಬೇಕಾದ್ದು ನಾನಲ್ಲ, ಕಟ್ಟಿಕೊಂಡವರು. ರಸೀದಿ ಎಲ್ಲಿ?"

"ನಮ್ಮಣ್ಣ ತಂದಿದ್ದು. ಮಿಲಿಟರಿಯಾಗೆ ಇದ್ದ. ಅವನೀಗ ಇಲ್ಲ."

"ಇಲ್ಲದವರನ್ನ ಸಾಕ್ಷಿ ಕರೆಯೋಕೆ ಆಗಲ್ಲಮ್ಮ. ಕೇಸು ಬರೆದರೆ ನಿನ್ನ ಕೆಲಸ ಅಲ್ಲಿಗೇ ನಿಲ್ಲುತ್ತೆ. ಯೋಚನೆ ಮಾಡು. ಇದು ಅಸಲಿಯಾ, ಇವರದರ ಥರ ಆಟದ ಸಾಮಾನಾ?"

ಬಸವರಾಜಪ್ಪ ತುಟಿ ಅಲುಗಿಸದೆ ಪಿಸುಗುಟ್ಟಿದ: "ನಕಲಿ ಅಂದುಬಿಡಮ್ಮ."

ಕೋಣೆಯಲ್ಲಿದ್ದವರಿಗೆಲ್ಲ ಅದು ಕೇಳಿಸಿತು. ನಿರ್ಮಲಮ್ಮನ ಕತ್ತು ನೆಟ್ಟಗಾಯಿತು. "ಯಾಕನ್ನಲಿ? ನಮ್ಮಣ್ಣ ನಂಗೆ ನಕಲಿ ತಂದಿದ್ದ ಅಂತ ನನ್ನ ಬಾಯಾಗೆ ಅನ್ನಲಾ? ಅಸಲಿ ಐತೆ ಸ್ವಾಮಿ. ಇದರ ಬಗ್ಗೆ ಗೊತ್ತಿರೋರೇ ಹೇಳ್ಯಾರೆ."

"ಯಾರು ಗೊತ್ತಿರೋರು?"

ಅವಳು ಹೇಳಲಿಲ್ಲ. ಬಾಗಿಲಲ್ಲಿ ನಿಂತು ಬೆವರುತ್ತಿದ್ದ ಸಾವಂತ್ರಮ್ಮ, ಒಳ್ಳೆಯದಾಗಲೆಂದೇ, "ನಮ್ಮ ಬೆನಕಪ್ಪಗೆ ಗೊತ್ತೈತ್ರಿ. ಗಡಿಯಾರದ ವಿಷಯದಾಗೆ ಅವನ ಮಾತು ಸುಳ್ಳಾಗಾಕಿಲ್ಲ" ಎಂದುಬಿಟ್ಟಳು.

ಅಧಿಕಾರಿ ಮೇಷ್ಟ್ರ ಭೂತಗನ್ನಡಿಯನ್ನು ಮೇಜಿನಿಂದ ಎತ್ತಿ ಬೆನಕಪ್ಪನ ಮುಂದೆ ಹಿಡಿದ. "ನೋಡಿ ಹೇಳು. ನಾನೂ ನಿನ್ನ ಹಿಂದೆಯೇ ನೋಡ್ತೀನಿ. ಸುಳ್ಳು ಹೇಳಿದರೆ ನೀನೂ ಜೀಪು ಹತ್ತಬೇಕಾಗುತ್ತೆ."

ಬೆನಕಪ್ಪ ಗಡಿಯಾರವನ್ನು ಅಂಗೈಗೆ ತೆಗೆದುಕೊಂಡ. ಅವಳ ಕೈಯ ಬಿಸಿ ಅದರಲ್ಲಿ ಇನ್ನೂ ಇತ್ತು. ಅಸಲಿ ಎಂದರೆ ಗಡಿಯಾರವೂ ಹೋಯಿತು, ನೌಕರಿಯೂ ಹೋಯಿತು. ಬಿಳಿಚೋಡಿನಲ್ಲಿ ಆ ನೌಕರಿಯನ್ನೇ ನೆಚ್ಚಿಕೊಂಡ ತಾಯಿ. ನಕಲಿ ಎನ್ನಬೇಕೆಂದು ಅವನು ಆಗಲೇ ನಿಶ್ಚಯಿಸಿದ್ದ. ಆದರೆ ಬರೀ ಅಂದರೆ ಈ ಮನುಷ್ಯ ನಂಬುವವನಲ್ಲ. ತೋರಿಸಲು ಒಂದು ತಪ್ಪು ಬೇಕು. ಇಲ್ಲದ ತಪ್ಪನ್ನು ಹೇಗೆ ತೋರಿಸುವುದು? ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡ. ಕೆನೆ ಬಣ್ಣದ ಮುಖ ದೊಡ್ಡದಾಗಿ ತೇಲಿ ಬಂತು. ಗಂಟೆ ತೋರಿಸುವ, ಎದ್ದು ಕಾಣುವಂತೆ ಕೂರಿಸಿದ ಲೋಹದ ಕಡ್ಡಿಗಳು ಚೂಪಾಗಿದ್ದವು, ಸರಿ. ಮುಳ್ಳುಗಳು ಸರಿ. ಕಡ್ಡಿಗಳ ಹೊರಗೆ ನಿಮಿಷದ ಗೆರೆಗಳು.

ನಾಲ್ಕರ ಕಡ್ಡಿ ಇರುವಲ್ಲಿ ಅದರ ಗೆರೆ ಇರಲಿಲ್ಲ. ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಜರುಗಿತ್ತು. ಐದರದೂ ಹಾಗೆಯೇ. ಕೆಳಗಿನ ಸಣ್ಣ ಅಕ್ಷರಗಳಲ್ಲಿ ಎರಡು ಪದಗಳು ಒಂದೇ ಮಟ್ಟದಲ್ಲಿರಲಿಲ್ಲ. ಒಂದು ಅಕ್ಷರದ ಕೊನೆಯಲ್ಲಿ ಬಣ್ಣ ಉಂಡೆಗಟ್ಟಿತ್ತು, ಮೇಷ್ಟ್ರು ಹೇಳುವ ಆ ಕುಂಚ ಎತ್ತುವ ಜಾಗದಲ್ಲೇ.

ಸುಳ್ಳಿಗಾಗಿ ಹುಡುಕಲು ಹೋದವನಿಗೆ ನಿಜವೇ ಎದುರು ಬಂದು ನಿಂತಿತ್ತು.

"ಏನು? ಮಾತು ಬಿದ್ದುಹೋಯ್ತಾ?"

"ನಕಲಿ ಸ್ವಾಮಿ" ಎಂದ. ಅವನ ದನಿ ಅವನಿಗೇ ಬೇರೆ ಯಾರದೋ ಅನ್ನಿಸಿತು. "ಇಲ್ನೋಡ್ರಿ, ನಾಲ್ಕರ ತಾವ ಗೆರೆ ಕೂಡಿಲ್ಲ. ಇಲ್ಲಿ ಅಕ್ಷರ ಏರುಪೇರು. ಆ ಕಂಪನಿಯೋರು ಇಂಥ ಕೆಲಸ ಮಾಡಾಕಿಲ್ಲ."

ಅಧಿಕಾರಿ ಭೂತಗನ್ನಡಿ ಇಸಿದುಕೊಂಡು ಕಿಟಕಿಯ ಹತ್ತಿರ ಹೋದ. ತುಂಬ ಹೊತ್ತು ನೋಡಿದ. ಕೊನೆಗೆ ಅವನು ವಾಪಸು ಬಂದು ಗಡಿಯಾರವನ್ನು ನಿರ್ಮಲಮ್ಮನ ಮುಂದಿಟ್ಟ. "ನಿಮ್ಮಣ್ಣನಿಗೆ ಯಾರೋ ಟೋಪಿ ಹಾಕಿದಾರಮ್ಮ. ಕಟ್ಕೊ." ಬಾಗಿಲಲ್ಲಿ ತಿರುಗಿ, "ಇನ್ನೊಂದು ಸಲ ಇಲ್ಲಿ ಈ ಪಂಚಾಯ್ತಿ ಕಂಡರೆ ಸುಮ್ಮನಿರಲ್ಲ" ಎಂದು ಹೋದ.

ಜೀಪು ಹೋದ ಮೇಲೆ ಬಸವರಾಜಪ್ಪ "ಉಳಿಸಿದೆಯಪ್ಪಾ!" ಎಂದು ಬೆನಕಪ್ಪನ ಬೆನ್ನು ತಟ್ಟಿದ. ನಿರ್ಮಲಮ್ಮ ಗಡಿಯಾರವನ್ನು ಕಟ್ಟಿಕೊಳ್ಳಲಿಲ್ಲ. ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಬೆನಕಪ್ಪ ಹಿಂದೆಯೇ ಹೋದ. ನ್ಯಾಮತಿಯ ಬಸ್ಸು ಹೊರಡಲು ನಿಂತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅವಳು ತಿರುಗಿದಳು.

"ಬೆನಕಣ್ಣ, ನಿಜ ಹೇಳ್ರಿ. ನನ್ನ ಉಳಿಸಾಕೆ ಹಂಗಂದ್ರಿ, ಅಲ್ಲಾ?"

"ಹೌದವ್ವ, ಮತ್ತಿನ್ಯಾಕೆ?"

"ಹಂಗಾರೆ ಅದು ಸುಳ್ಳು. ಗಡಿಯಾರ ಅಸಲಿ."

'ಅಸಲಿ' ಎಂಬ ಒಂದೇ ಮಾತು ಅವನು ಹೇಳಬೇಕಾಗಿತ್ತು. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಕಣ್ಣ ಮುಂದೆ ಆ ಜರುಗಿದ ಗೆರೆ ಇತ್ತು. ಅವನು ಬಾಯಿ ತೆರೆದು "ಅಸಲಿನೇ" ಎನ್ನುವಷ್ಟರಲ್ಲಿ ಅವಳು ಆ ತಡವನ್ನು ನೋಡಿಬಿಟ್ಟಿದ್ದಳು. ರೋಗಿಯ ಮುಖ ಓದಿ ಅಭ್ಯಾಸವಿದ್ದ ಹೆಂಗಸು. ಒಳಗೆ ಹೋಗಿ ಆ ಕಡೆಯ ಕಿಟಕಿಗೆ ಕೂತಳು. ಬಸ್ಸಿಗೆ ರೈಟ್ ಹೇಳಬೇಕಾದವನು ಬೆನಕಪ್ಪನೇ. ಹೇಳಿದ.

ಆಮೇಲೆ ಅವಳು ಕೂಟಕ್ಕೆ ಬರಲಿಲ್ಲ. ಕೂಟವೂ ನಿಂತಿತು. ನ್ಯಾಮತಿಗೆ ಹೋದಾಗ ಒಂದು ಸಲ ಆಸ್ಪತ್ರೆಯ ಗೇಟಿನ ಹತ್ತಿರ ಕಂಡಳು. ಕೈಯಲ್ಲಿ ಹೊಸ ಎಚ್‌ಎಂಟಿ ಇತ್ತು. "ಚೆನ್ನಾಗಿದೀರಾ" ಎಂದಳು, ಉತ್ತರಕ್ಕೆ ಕಾಯಲಿಲ್ಲ. ಅವತ್ತು ಖಾನಾವಳಿಯಲ್ಲಿ ನಡೆದದ್ದು ಊರು ಸುತ್ತಿ, ದಾವಣಗೆರೆ ಹಾಯ್ದು ಬಿಳಿಚೋಡಿನ ತನಕವೂ ಹೋಗಿತ್ತು. ಮಿಲಿಟರಿಯವನು ತಂಗಿಗೆ ನಕಲಿ ಗಡಿಯಾರ ಕೊಟ್ಟು ದೊಡ್ಡಸ್ತಿಕೆ ಮೆರೆದಿದ್ದನಂತೆ ಎಂದು ಜನ ಆಡಿಕೊಂಡರು.

ಬೆನಕಪ್ಪನಿಗೆ ಊಟ ರುಚಿಸದಾಯಿತು. ಅವನನ್ನು ಕಾಡಿದ್ದು ಅಧಿಕಾರಿಯ ಮುಂದೆ ಆಡಿದ ಮಾತಲ್ಲ, ಬಸ್ಸಿನ ಮೆಟ್ಟಿಲ ಮುಂದೆ ಆಡದೆ ಹೋದ ಮಾತು. ಯಾರಾದರೂ ಕೈ ಚಾಚಿ "ನೋಡು ಬೆನಕಪ್ಪ, ಒರಿಜಿನಲ್ಲಾ?" ಎಂದರೆ, "ನಂಗೆ ತಿಳಿಯಾಕಿಲ್ಲ" ಎಂದು ಟಿಕೆಟ್ ಹರಿಯಲು ತೊಡಗುವನು. ಶಾಂತಾದೇವಿಗೆ ಇದು ಮೊದಲು ಸಮಾಧಾನವಾಗಿ ಕಂಡಿತು, ಆಮೇಲೆ ಹೆದರಿಕೆಯಾಯಿತು. "ಕೈ ನೋಡಾದಾದ್ರೂ ನೋಡ್ರಿ. ನೀವು ಹಿಂಗೆ ನೆಲ ನೋಡ್ಕಂತ ಕೂತ್ರೆ ನಂಗೆ ಮನೆಯಾಗಿರಾಕೆ ಆಗಲ್ಲ" ಎಂದಳು.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಒಂದು ಬೆಳಿಗ್ಗೆ, ಬುಕಿಂಗ್ ಕಟ್ಟೆಯ ಮುಂದೆ ಕಂಬಳಿ ಹೊದ್ದ ಮುದುಕಿಯೊಬ್ಬಳು ಬಂದು ನಿಂತಳು.

"ಬೆನಕಪ್ಪ ಅಂದ್ರೆ ನೀನೇನಾ?"

"ಹೌದಜ್ಜಿ. ಎಲ್ಲಿಗೆ ಟಿಕೆಟ್ಟು?"

"ಟಿಕೆಟ್ ಬ್ಯಾಡ. ನಾನು ಬಿಳಿಚೋಡಿನ ಕೆಂಪಕ್ಕ. ದುರುಗಪ್ಪನ ತಾಯಿ."

ಸುತ್ತಲಿದ್ದ ಹಮಾಲರು ತಿರುಗಿ ನೋಡಿದರು. ಬೆನಕಪ್ಪ ಎದ್ದು ನಿಂತ.

"ನನ್ನ ಮಗ ಮೋಸ ಮಾಡಿದ್ನಾ, ಮೋಸ ಹೋಗಿದ್ನಾ? ಎರಡರಾಗೆ ಒಂದು ಹೇಳು. ಊರಾಗೆ ಕೇಳೋರಿಗೆ ನಾನೇನನ್ನಲಿ? ಮಗಳನ್ನ ಕೇಳಿದ್ರೆ ಬಾಯಿ ಬಿಡಾಕಿಲ್ಲ. ಗಡಿಯಾರ ಅಕ್ಕಿ ಡಬ್ಬಿಯಾಗೆ ಇಟ್ಟವ್ಳೆ."

"ಎರಡೂ ಅಲ್ಲವ್ವ."

"ಮತ್ತೆ?"

"ನಂಗೆ ಗೊತ್ತಿಲ್ಲ. ಅವತ್ತು ಗೊತ್ತೈತೆ ಅಂದ್ಕಂಡಿದ್ದೆ. ದಾವಣಗೆರೆಯಾಗೆ ಗಡಿಯಾರ ರಿಪೇರಿ ಮಾಡೋ ಹಳೇ ಸಾಹೇಬ್ರೊಬ್ರು ಅದಾರೆ, ಕಣ್ಮುಂದೇನೇ ಬಿಚ್ಚಿ ತೋರಿಸ್ತಾರೆ. ಒಳಗೆ ನೋಡಿದ್ರೆ ತಿಳಿತೈತೆ. ನಿನ್ನ ಮಗಳನ್ನ ಒಪ್ಸು ತಾಯಿ."

ಕೆಂಪಕ್ಕ ಅವನನ್ನೇ ನೋಡಿದಳು. ಬೈಯುತ್ತಾಳೆಂದು ಕಾದ. ಬೈಯಲಿಲ್ಲ. "ಅವಳು ಒಪ್ಪಾಕಿಲ್ಲ. ಅಪ್ಪನ ಹಟ ಅವಳ್ದು" ಎಂದು ಬಸ್ಸಿನ ಕಡೆ ನಡೆದಳು.

ನಿಜವಾಗಿಯೂ ಒಪ್ಪಲಿಲ್ಲ. ಬೆನಕಪ್ಪ ಹೇಳಿಕಳಿಸಿದ, ತಾನೇ ಹೋದ. ಅವಳದು ಒಂದೇ ಮಾತು. "ಬಿಚ್ಚಿ ನೋಡಿದ ಮ್ಯಾಲೆ ಗೊತ್ತಿಲ್ಲ ಅನ್ನಾಕೆ ಬರಲ್ಲ. ಈಗ ಕಡೇ ಪಕ್ಷ ಗೊತ್ತಿಲ್ಲ."

ಅಕ್ಕಿ ಡಬ್ಬಿಯಲ್ಲಿದ್ದರೂ ಅವಳು ಅದಕ್ಕೆ ದಿನವೂ ಕೀಲಿ ಕೊಡುತ್ತಿದ್ದಳೆಂದು ಅವನಿಗೆ ಗೊತ್ತಾದದ್ದು ಎಂಬತ್ತಮೂರರಲ್ಲಿ, ಅವಳೇ ಬಸ್ ನಿಲ್ದಾಣಕ್ಕೆ ಬಂದಾಗ. ಕೂದಲು ನರೆತಿತ್ತು.

"ನಿಂತೋಗೈತೆ ಬೆನಕಣ್ಣ" ಎಂದಳು. "ಕೀಲಿ ಕೊಟ್ರೂ ನಡೀತಿಲ್ಲ."

ಅವತ್ತೇ ದಾವಣಗೆರೆಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಒಂದೇ ಒಂದು ಸಲ ಮಾತಾಡಿದಳು: "ನಕಲಿ ಅಂತ ಆದ್ರೆ ಅವ್ವಗೆ ನೀವು ಹೇಳಬೇಕು. ನನ್ನ ಕೈಲಿ ಆಗಾಕಿಲ್ಲ." ಅವನು ತಲೆಯಾಡಿಸಿದ.

ಸಾಹೇಬರ ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಮುದುಕರು ಗಡಿಯಾರವನ್ನು ಕಿವಿಗೆ ಹಿಡಿದು, ಅಲುಗಿಸಿ, ಬೆನ್ನಿನ ಬಿಲ್ಲೆಯನ್ನು ತಿರುಗಿಸತೊಡಗಿದರು. ಅದು ಬಿಗಿಯಾಗಿ ಕೂತಿತ್ತು. ಒಂದು ಸಲ ಜಾರಿತು, ಇನ್ನೊಂದು ಸಲ ಜಾರಿತು. ನಿರ್ಮಲಮ್ಮ ಗೋಡೆಯ ಕಡೆ ತಿರುಗಿ ನಿಂತಳು. ಬೆನಕಪ್ಪ ನೋಡುತ್ತಲೇ ಇದ್ದ. ಈ ಸಲ ಕಣ್ಣು ತಪ್ಪಿಸಬಾರದೆಂದು ನಿಶ್ಚಯಿಸಿ ಬಂದಿದ್ದ. ಟಕ್ಕೆಂದು ಬಿಲ್ಲೆ ಸಡಿಲಾಯಿತು.

ಒಳಗೆ ತಾಮ್ರದ ಬಣ್ಣದ ಯಂತ್ರ. ಚಕ್ರಗಳ ಮೇಲಿನ ಸೇತುವೆಯಂಥ ಪಟ್ಟಿಯ ಮೇಲೆ ಅದೇ ಲಾಳದ ಗುರುತು, ನುಣ್ಣಗೆ, ಚೂಪಾಗಿ ಕೊರೆದದ್ದು.

"ಅಸಲಿ" ಎಂದರು ಸಾಹೇಬರು, ಸಾಮಾನ್ಯ ವಿಷಯವೆಂಬಂತೆ. "ಒಂದು ಪಾರ್ಟೂ ಬದಲಾಗಿಲ್ಲ. ಮಷಿನ್‌ಗೆ ಯಾರೂ ಕೈ ಹಚ್ಚಿಲ್ಲ."

ನಿರ್ಮಲಮ್ಮ ತಿರುಗಿದಳು. ಅವಳ ಮುಖ ನೋಡಲು ಬೆನಕಪ್ಪನಿಗೆ ಧೈರ್ಯವಾಗಲಿಲ್ಲ. "ಮುಖದ ಮ್ಯಾಲಿನ ಗೆರೆ ಸಾಹೇಬ್ರೇ?" ಎಂದ. "ನಾಲ್ಕರ ತಾವ ಕೂಡಿಲ್ಲ. ಅಕ್ಷರ ಏರುಪೇರು ಐತೆ."

"ಐತೆ. ಅದು ಬ್ಯಾರೆ ಕತೆ." ಸಾಹೇಬರು ಮುಳ್ಳುಗಳನ್ನು ತೆಗೆದು, ಮುಖದ ತಗಡನ್ನು ಚಿಮಟದಿಂದ ಎತ್ತಿ ಬೆಳಕಿಗೆ ಹಿಡಿದರು. "ನೋಡಿ, ಅಂಚಿನಾಗೆ ಹಳೇ ಬಣ್ಣ ಕಾಣ್ತೈತಾ? ಬಿಸಿಲಿಗೆ, ಬೆವರಿಗೆ ಸುಟ್ಟು ಕಪ್ಪಾಗಿತ್ತು. ಅದರ ಮೇಲೆ ಹೊಸದಾಗಿ ಬರೆಸಿದಾರೆ. ನಮ್ಮ ದೇಶದ್ದೇ ಕೆಲಸ. ಬರೆದೋನು ಅವಸರದೋನು, ಮಷಿನ್ ತೊಳೆದೇ ಇಲ್ಲ. ಅದಕ್ಕೇ ನಿಂತಿರೋದು. ಇಲ್ಲಿ ನೋಡಿ."

ತಗಡಿನ ಕೆಳಗೆ, ಗಟ್ಟಿಯಾದ ಹಳೇ ಎಣ್ಣೆಯಲ್ಲಿ ಅಂಟಿಕೊಂಡು, ಹೊಳೆಯುವ ಕಣಗಳಿದ್ದವು. ಸಾಹೇಬರು ಸೂಜಿಯ ಮೊನೆಯಿಂದ ಒಂದನ್ನು ಕೆದಕಿ ಬಿಳಿ ಕಾಗದದ ಮೇಲೆ ಹಾಕಿದರು. "ಮರಳು. ನಮ್ಮ ಹೊಳೆ ಮರಳಲ್ಲ, ಹಿಟ್ಟಿನಂಗೆ ಐತೆ. ಇದನ್ನ ಕಟ್ಕೊಂಡು ಯಾರೋ ಬಹಳ ದಿನ ಮರಳುಗಾಡಿನಾಗೆ ಓಡಾಡಿದಾರೆ."

ಮೆಟ್ಟಿಲ ಮೇಲೆ ಯಾರೋ ಹತ್ತಿ ಹೋದರು. ನಿರ್ಮಲಮ್ಮ ಆ ಕಾಗದವನ್ನೇ ನೋಡುತ್ತಿದ್ದಳು.

"ಒಂದಿನಾನೂ ಕಟ್ಟಿಲ್ಲ ಅಂದಿದ್ದ" ಎಂದಳು ನಿಧಾನವಾಗಿ. "ನಿಂಗೇ ಅಂತ ಹೊಸದಾಗಿ ತಗಂಡೆ ಅಂದಿದ್ದ. ತನ್ನ ಕೈಯಾಗಿಂದು ಬಿಚ್ಚಿ ಕೊಟ್ಟವ್ನೆ ಬೆನಕಣ್ಣ. ಹಳೇದು ಅಂತ ನಂಗೆ ಬ್ಯಾಸರ ಆಗಬಾರ್ದು ಅಂತ ಬಣ್ಣ ಹೊಡೆಸ್ಯಾನೆ." ಆಮೇಲೆ ನಗು ಬಂತು, ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡಳು. "ಅವನೂ ನನ್ನ ಹತ್ರ ಒಂದು ಸುಳ್ಳು ಹೇಳಿದ್ದ."

ಬೆನಕಪ್ಪ ಆಗ ಹೇಳಿದ, ಏಳು ವರ್ಷ ಹೊತ್ತು ತಿರುಗಿದ್ದನ್ನು: "ಅವತ್ತು ನಿಮ್ಮನ್ನ ಉಳಿಸಾಕೆ ಸುಳ್ಳು ಹೇಳಬೇಕು ಅಂತಾನೇ ಭೂತಗನ್ನಡಿ ಹಾಕ್ಕಂಡೆ. ಆ ಗೆರೆ ಕಂಡ ಮ್ಯಾಲೆ ಸುಳ್ಳೋ ನಿಜವೋ ನಂಗೇ ತಿಳೀಲಿಲ್ಲ. ಅದಕ್ಕೇ ಬಸ್ಸಿನ ಹತ್ರ ಬಾಯಿ ಕಟ್ಟಿದ್ದು."

"ಗೊತ್ತು" ಎಂದಳು. "ನೀವು ಆಗಲೇ ಥಟ್ ಅಂತ ಅಸಲಿ ಅಂದಿದ್ರೆ ನಂಬ್ತಿದ್ದೆ. ಅದು ಸುಳ್ಳಾಗಿರ್ತಿತ್ತು, ಅಲ್ವಾ? ನಿಮಗೆ ಗೊತ್ತಿರಲಿಲ್ಲ." ಅದು ಕ್ಷಮೆಯೋ ದೂರೋ ಅವನಿಗೆ ತಿಳಿಯಲಿಲ್ಲ. ಅವಳು ಸಾಹೇಬರ ಕಡೆ ತಿರುಗಿ, "ಮಷಿನ್ ತೊಳೀರಿ. ಮುಖ ಹಂಗೇ ಇರಲಿ, ಮುಟ್ಟಬ್ಯಾಡ್ರಿ. ಆ ಮರಳು ಒಂದು ಕಾಗದದಾಗೆ ಕಟ್ಟಿಕೊಡ್ರಿ" ಎಂದಳು.

ಗಡಿಯಾರ ಕೈಗೆ ಬಂದ ಮೇಲೆ ಇಬ್ಬರೂ ಬಿಳಿಚೋಡಿಗೆ ಹೋದರು. ಕೆಂಪಕ್ಕ ಹಟ್ಟಿಯ ಮುಂದೆ ಕೂತು ಉಣ್ಣೆ ಹಿಂಜುತ್ತಿದ್ದಳು. ನಿರ್ಮಲಮ್ಮ ಎಲ್ಲವನ್ನೂ ಹೇಳಿ ಪೊಟ್ಟಣ ಬಿಚ್ಚಿದಳು. ಗಾಳಿಗೆ ಹಾರೀತೆಂದು ಬೆನಕಪ್ಪ ತನ್ನ ಎರಡೂ ಕೈಗಳನ್ನು ಅಡ್ಡ ಹಿಡಿದ. ಮುದುಕಿ ತೋರುಬೆರಳನ್ನು ನಾಲಿಗೆಗೆ ತಾಗಿಸಿ ಕಣಗಳ ಮೇಲೆ ಒತ್ತಿ, ಕಣ್ಣ ಹತ್ತಿರಕ್ಕೆ ತಂದುಕೊಂಡಳು.

"ಇದು ಆ ದೇಶದ ಮಣ್ಣಾ?"

"ಹೂಂ ಅವ್ವ."

"ಅವನ ಕೈ ಮ್ಯಾಲಿದ್ದಿದ್ದು."

"ಹೂಂ."

ಕೆಂಪಕ್ಕ ಪೊಟ್ಟಣ ಮಡಿಸಿ, ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೆನಕಪ್ಪನ ಕಡೆ ನೋಡಿ, "ಅಸಲಿ ಅಂತ ಅವತ್ತೇ ಗೊತ್ತಿದ್ರೆ ಆ ಜೀಪಿನೋನಿಗೆ ಏನನ್ನುತಿದ್ದೆ?" ಎಂದಳು.

"ನಕಲಿ ಅಂತಾನೇ ಅನ್ನುತಿದ್ದೆ ತಾಯಿ."

"ಅನ್ನಬೇಕು ಮತ್ತೆ. ಇಲ್ದಿದ್ರೆ ನಾವು ಏನು ತಿನ್ನುತಿದ್ವಿ?" ಎಂದು ಎದ್ದಳು. "ಕೈ ತೊಳ್ಕ ಹೋಗು. ರೊಟ್ಟಿ ತಟ್ತೀನಿ."

ಉಂಡು, ನೀರು ಕುಡಿದು, ಬೆನಕಪ್ಪ ಮಧ್ಯಾಹ್ನದ ಬಸ್ಸಿಗೆ ರಸ್ತೆಯ ತನಕ ನಡೆದ. ನಿರ್ಮಲಮ್ಮ ಜೊತೆಗೆ ಬಂದಳು. ಗಡಿಯಾರ ಅವಳ ಎಡಗೈಯಲ್ಲಿತ್ತು. ಬಸವರಾಜಪ್ಪ ಬ್ಯಾಟರಿ ಗಡಿಯಾರ ಕೊಂಡಿದ್ದಾನಂತೆ, ಕೀಲಿಯೇ ಕೊಡಬೇಕಾಗಿಲ್ಲವಂತೆ, ಮೇಷ್ಟ್ರಿಗೆ ಅದರ ಮೇಲೆ ಉರಿ ಉರಿ ಕೋಪ ಎಂದು ಅವನು ಹೇಳುತ್ತಿದ್ದ. ಅವಳು ಬಿದ್ದು ಬಿದ್ದು ನಗುತ್ತಿದ್ದಳು.